ಆನೆ, ಅರಸ, ಅರಳಿಮರ

ಬೆಂಗಳೂರಿನಲ್ಲಿ ವಿಮಾನ ಹತ್ತಿ ಕೂತರೆ ಒಂದೂವರೆ ಗಂಟೆಗೆಲ್ಲ ಕೊಲಂಬೊ. ಗಡಿಯಾರದ ಮುಳ್ಳು ತಿರುಗಿಸುವ ಕೆಲಸವೂ ಇಲ್ಲ. ಶ್ರೀಲಂಕಾದ ಹೊತ್ತೂ ನಮ್ಮ ಹೊತ್ತೂ ಒಂದೇ. ವಿಸ್ತೀರ್ಣ 65,610 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಮೂರನೇ ಒಂದು ಪಾಲು. ಇಷ್ಟು ಚಿಕ್ಕ ನೆಲದಲ್ಲಿ ಮಂಜು ಮುಸುಕಿದ ಹುಲ್ಲುಗಾವಲು, ಸೂರ್ಯ ಕಾಣದ ಮಳೆಕಾಡು, ಬಿಸಿಲಿಗೆ ಬಿರಿದ ಬಯಲು, ಎರಡು ಸಾವಿರ ವರ್ಷ ದಾಟಿದ ಕೆರೆಗಳು ಎಲ್ಲವೂ ಇವೆ. ವಿಮಾನ ನಿಲ್ದಾಣದಲ್ಲಿ ಸಿಕ್ಕ ಕಾರಿನ ಚಾಲಕರು ಸಾಮಾನು ಒಳಗಿಡುತ್ತಲೇ ಕೇಳಿದರು: "ಮಹತ್ತಯಾ, ನಿಮ್ಮದು ನೇಚರ್ ಟೂರಾ, ಕಲ್ಚರ್ ಟೂರಾ?" ಎರಡೂ ಬೇಕು ಎಂದೆ. ಅವರು ಸ್ವಲ್ಪ ಹೊತ್ತು ಯೋಚಿಸಿ, "ಹಾಗಾದರೆ ಕೆರೆಗಳ ದಾರಿಯಲ್ಲಿ ಹೋಗೋಣ" ಎಂದರು. ಆ ಮಾತಿನ ತೂಕ ತಿಳಿಯಲು ನನಗೆ ಕೆಲವು ದಿನ ಬೇಕಾಯಿತು.

ಮೊದಲ ಬೆಳಗು ನೆಗೊಂಬೊದಲ್ಲಿ. ಹಾಸಿಗೆ ಬಿಡುವ ಮೊದಲೇ ಬೀದಿಯಲ್ಲಿ ಬೀಥೋವನ್‌ನ ‘ಫ್ಯೂರ್ ಎಲೀಸ್’ ಕೇಳಿಸುತ್ತಿದೆ. ಪಕ್ಕದ ಮನೆಯ ಮಗು ಪಿಯಾನೊ ಕಲಿಯುತ್ತಿರಬೇಕು ಎಂದುಕೊಂಡರೆ ಆ ಸಂಗೀತ ಬೀದಿಯುದ್ದಕ್ಕೂ ಸರಿದು ನಮ್ಮ ಬಾಗಿಲಿಗೇ ಬರುತ್ತಿದೆ! ಓಡಿ ಹೋಗಿ ನೋಡಿದರೆ ಹಿಂಬದಿಯಲ್ಲಿ ಗಾಜಿನ ಪೆಟ್ಟಿಗೆ ಹೊತ್ತ ಒಂದು ಆಟೊರಿಕ್ಷಾ. ಒಳಗೆ ಬಿಸಿ ಬನ್ನು, ಬ್ರೆಡ್ಡು, ಸಕ್ಕರೆ ಉದುರಿಸಿದ ಸುರುಳಿಗಳು. ‘ಚೂನ್ ಪಾನ್’ ಎಂದು ಇದರ ಹೆಸರು. ದ್ವೀಪದ ಊರೂರಲ್ಲೂ ಬೇಕರಿ ಗಾಡಿ ಬಂದಿತೆಂದು ಸಾರುವುದು ಜರ್ಮನಿಯ ಆ ಮಹಾನುಭಾವನ ರಾಗವೇ. ಬೀದಿಯ ಮಕ್ಕಳು ಬರಿಗಾಲಲ್ಲಿ ಓಡಿ ಬಂದು ಗಾಜಿಗೆ ಮೂಗೊತ್ತಿ ನಿಂತಿದ್ದರು. ನಾವೂ ನಿಂತೆವು.

ಬ್ರೆಡ್ಡು ಸಿಕ್ಕಿತು, ಆದರೆ ಸಸ್ಯಾಹಾರಿಯಾದ ನನ್ನಾಕೆಗೆ ಜೊತೆಗೆ ಬಂದ ಕಾಯಿಚಟ್ನಿಯೇ ಸಮಸ್ಯೆಯಾಯಿತು. ಕೆಂಪು ಮೆಣಸು, ಈರುಳ್ಳಿ, ಲಿಂಬೆ ಹಾಕಿ ಕುಟ್ಟಿದ ಈ ‘ಪೋಲ್ ಸಂಬೋಲ’ ನೋಡಲು ನಮ್ಮ ಕರಾವಳಿಯ ಚಟ್ನಿಯಂತೆಯೇ ಇದ್ದರೂ ಅದರೊಳಗೆ ಒಣಗಿಸಿ ಪುಡಿ ಮಾಡಿದ ಮೀನು ಅಡಗಿ ಕೂತಿರುತ್ತದೆ. ಅದಕ್ಕೆ ‘ಉಂಬಳಕಡ’ ಎನ್ನುತ್ತಾರೆ. ಸೊಪ್ಪಿನ ಪಲ್ಯದಲ್ಲೂ ಅದೇ, ಬದನೆಕಾಯಿಯಲ್ಲೂ ಅದೇ. ಚಾಲಕರು ‘ಉಂಬಳಕಡ ಎಪಾ’ ಎಂದು, ಅಂದರೆ ಬೇಡ ಎಂದು, ಹೇಳಲು ಕಲಿಸಿದರು. ಅಲ್ಲಿಂದ ಮುಂದೆ ಪ್ರತಿ ಊಟಕ್ಕೂ ಮೊದಲು ನನ್ನಾಕೆ ಈ ಮಂತ್ರ ಹೇಳಿದಳು. ಅಡುಗೆಯವರು ನಗುತ್ತ ಒಂದೆಲಗದ ಹಸಿ ಪಲ್ಯವನ್ನೂ ಎಳೆ ಹಲಸಿನ ಕಾಯಿಯ ಕಪ್ಪು ಸಾರನ್ನೂ ಬೇರೆಯಾಗಿ ಮಾಡಿ ತಂದುಕೊಟ್ಟರು. ನಮ್ಮಲ್ಲಿ ತಂಬುಳಿಯಾಗುವ ಒಂದೆಲಗ ಇಲ್ಲಿ ಕಾಯಿತುರಿಯ ಜೊತೆ ಹಸಿಹಸಿಯಾಗಿಯೇ ತಟ್ಟೆಗೆ ಬರುತ್ತದೆ. ಊರಿಗೆ ಬಂದ ಮೇಲೂ ನಮ್ಮ ಮನೆಯಲ್ಲಿ ಅದನ್ನು ಹಾಗೆಯೇ ಮಾಡುತ್ತಿದ್ದೇವೆ.

ಉತ್ತರಕ್ಕೆ ಹೊರಟಂತೆ ತೆಂಗಿನ ತೋಟಗಳು ವಿರಳವಾಗಿ ನೆಲ ಒಣಗುತ್ತದೆ. ಸೆಪ್ಟೆಂಬರ್ ತಿಂಗಳು. ದ್ವೀಪದ ಈ ಭಾಗಕ್ಕೆ ದೊಡ್ಡ ಮಳೆ ಬರುವುದು ಈಶಾನ್ಯ ಮಾರುತದೊಂದಿಗೆ, ಅಕ್ಟೋಬರ್ ಕಳೆದ ಮೇಲೆ. ಆದ್ದರಿಂದ ಇದು ವರ್ಷದ ಅತಿ ಒಣ ಹೊತ್ತು. ಆದರೂ ಪ್ರತಿ ತಿರುವಿನಲ್ಲೂ ನೀರು! ಏರಿ ಏರಿದರೆ ಕೆರೆ, ಇಳಿದರೆ ಗದ್ದೆ, ಗದ್ದೆ ಮುಗಿದಲ್ಲಿ ಮತ್ತೊಂದು ಕೆರೆ. ಬಯಲುಸೀಮೆಯ ಯಾವುದೋ ತಾಲ್ಲೂಕಿನಲ್ಲಿ, ಕೆರೆಗಳು ಇನ್ನೂ ಬದುಕಿದ್ದ ಕಾಲದಲ್ಲಿ, ಸಂಚರಿಸುತ್ತಿದ್ದೇನೆ ಅನ್ನಿಸುತ್ತದೆ.

ಅನುರಾಧಪುರ ಮುಟ್ಟಿದ ದಿನ ಹುಣ್ಣಿಮೆ. ಪ್ರತಿ ಹುಣ್ಣಿಮೆಯೂ ಇಲ್ಲಿ ‘ಪೋಯ’, ಸರಕಾರಿ ರಜೆ. ಹಣ ಬದಲಿಸಿಕೊಡುವ ಅಂಗಡಿಗೆ ಬೀಗ, ಊಟದ ಹೋಟೆಲಿಗೂ ಬೀಗ. ಕಾರಿನಲ್ಲಿದ್ದ ಬಾಳೆಹಣ್ಣೇ ಮಧ್ಯಾಹ್ನದ ಊಟ. ಆದರೆ ಬೀದಿ ನೋಡಬೇಕು! ಇಡೀ ಊರು ಬೆಳ್ಳಗಿದೆ. ಬಿಳಿ ಸೀರೆ, ಬಿಳಿ ಅಂಗಿ, ಬಿಳಿ ಲಂಗ ತೊಟ್ಟ ಸಾವಿರಾರು ಜನ ಗದ್ದಲವಿಲ್ಲದೆ ಒಂದೇ ದಿಕ್ಕಿಗೆ ನಡೆಯುತ್ತಿದ್ದಾರೆ. ಹೂವಿನ ಅಂಗಡಿಯ ಹುಡುಗಿ ತಾವರೆಯ ಮೊಗ್ಗೊಂದನ್ನು ಎಡಗೈಯಲ್ಲಿ ಹಿಡಿದು ಹೊರಗಿನ ಎಸಳನ್ನು ಹೆಬ್ಬೆರಳಿನಿಂದ ಒಳಕ್ಕೆ ಮಡಚುತ್ತಾಳೆ, ಆಮೇಲೆ ಪಕ್ಕದ್ದನ್ನು, ಅದರ ಪಕ್ಕದ್ದನ್ನು. ನಾಲ್ಕು ಸುತ್ತು ಮಡಚುವ ಹೊತ್ತಿಗೆ ಮುಚ್ಚಿದ್ದ ಮೊಗ್ಗು ಅರಳಿ, ನಡುವಿನ ಹಳದಿ ಬಟ್ಟಲು ಕಾಣುತ್ತದೆ. ಅವಳ ಕಣ್ಣು ಮಾತ್ರ ಗಿರಾಕಿಗಳ ಮೇಲೆಯೇ ಇತ್ತು.

ಜನ ಹೋಗುತ್ತಿದ್ದುದು ಜಯ ಶ್ರೀ ಮಹಾಬೋಧಿಯ ಕಡೆಗೆ. ಅದೊಂದು ಅರಳಿಮರ. ಕ್ರಿಸ್ತಪೂರ್ವ ಮೂರನೇ ಶತಮಾನದಲ್ಲಿ ಅಶೋಕನ ಮಗಳು ಸಂಘಮಿತ್ರೆ ಬೋಧಗಯೆಯ ಮರದ ಕೊಂಬೆ ತಂದಳು, ಅರಸ ದೇವಾನಂಪಿಯ ತಿಸ್ಸ ಅದನ್ನು ಇಲ್ಲಿ ನೆಡಿಸಿದ ಎಂಬುದು ಪರಂಪರೆ. ಮನುಷ್ಯ ನೆಟ್ಟು, ನೆಟ್ಟ ಕಾಲವೂ ತಿಳಿದಿರುವ ಮರಗಳಲ್ಲಿ ಜಗತ್ತಿನಲ್ಲೇ ಹಳೆಯದು ಇದು. ತಿಸ್ಸನ ಬಿರುದು ಕಿವಿಗೆ ಬಿದ್ದಾಗ ರಾಯಚೂರು ಜಿಲ್ಲೆಯ ಮಸ್ಕಿ ನೆನಪಾಗದೆ ಇರದು. ಅಲ್ಲಿಯ ಬಂಡೆಯ ಮೇಲೆ ‘ದೇವಾನಂಪಿಯ’ದ ಜೊತೆಗೆ ಅಶೋಕನ ಹೆಸರೂ ಇದ್ದುದರಿಂದಲೇ ಆ ಬಿರುದು ಅವನದೆಂದು ಗಟ್ಟಿಯಾದದ್ದು. ನಮ್ಮ ಊರಿನ ಅರಳಿಕಟ್ಟೆಗಳಲ್ಲಿ ನಾಗರಕಲ್ಲು, ಪಕ್ಕಕ್ಕೊಂದು ಬೇವು, ಸಂಜೆ ಹರಟೆಯ ಗುಂಪು. ಇಲ್ಲಿ ಚಿನ್ನದ ಬಣ್ಣದ ಊರುಗೋಲುಗಳ ಮೇಲೆ ತೋಳು ಚಾಚಿ ನಿಂತ ಒಂದು ಸಣಕಲು ಕೊಂಬೆ, ಅದರತ್ತಲೇ ನೆಟ್ಟ ಸಾವಿರ ಕಣ್ಣು. ಗಾಳಿ ಬೀಸಿ ಎಲೆಯೊಂದು ಉದುರಿದರೆ ಅಜ್ಜಿಯೊಬ್ಬರು ಸೆರಗು ಒಡ್ಡುತ್ತಾರೆ. 18ನೇ ಶತಮಾನದಲ್ಲಿ ಈ ಮರದ ಸುತ್ತ ಗೋಡೆ ಕಟ್ಟಿದ್ದು ಕಾಡಾನೆಗಳಿಂದ ಕಾಪಾಡಲಿಕ್ಕಂತೆ. ರಾಜಧಾನಿ ಪಾಳುಬಿದ್ದು ಕಾಡು ನುಗ್ಗಿದ ಶತಮಾನಗಳಲ್ಲೂ ಯಾರೋ ಇಲ್ಲಿ ಉಳಿದು ಮರಕ್ಕೆ ನೀರೆರೆದರು, ಆನೆ ಓಡಿಸಿದರು ಎಂಬುದನ್ನು ನೆನೆದರೆ ಮೈ ಜುಮ್ಮೆನ್ನುತ್ತದೆ.

ಪವಿತ್ರ ಆವರಣದಲ್ಲಿ ಚಪ್ಪಲಿಯೂ ಇಲ್ಲ, ಟೋಪಿಯೂ ಇಲ್ಲ. ನಡುಮಧ್ಯಾಹ್ನದ ಮರಳು ಅಂಗಾಲನ್ನು ಹುರಿಯುತ್ತದೆ. ಒಂದು ನೆರಳಿನಿಂದ ಇನ್ನೊಂದು ನೆರಳಿಗೆ ಎಲ್ಲರೂ ಜಿಗಿಯುತ್ತ ಓಡುವ ಆ ದೃಶ್ಯದಲ್ಲಿ ಭಿಕ್ಷುಗಳೂ ಇದ್ದರು, ಪೊಲೀಸರೂ ಇದ್ದರು. ಹಾಗೆ ಓಡುತ್ತಲೇ ಜೇತವನಾರಾಮ ಸ್ತೂಪದ ಬುಡಕ್ಕೆ ಬಂದೆವು. ಮಹಾಸೇನನೆಂಬ ಅರಸ ಮೂರನೇ ಶತಮಾನದ ಕೊನೆಯಲ್ಲಿ ಶುರು ಮಾಡಿದ ಇಟ್ಟಿಗೆಯ ಬೆಟ್ಟ ಇದು. ಮೂಲದಲ್ಲಿ ಸುಮಾರು 122 ಮೀಟರ್ ಎತ್ತರವಿತ್ತು. ಆ ಕಾಲಕ್ಕೆ ಈಜಿಪ್ಟಿನ ಎರಡು ಪಿರಮಿಡ್ಡುಗಳ ನಂತರ ಇದೇ. ಈ ಮಹಾಸೇನನ ಹೆಸರು ನೆನಪಿರಲಿ, ಅವನು ಮುಂದೆ ಆನೆಗಳ ನಡುವೆ ಮತ್ತೆ ಸಿಗುತ್ತಾನೆ.

ಹಬರಣದ ಹತ್ತಿರದ ಹಳ್ಳಿಯಲ್ಲಿ ಚಾಲಕರ ಪರಿಚಯದ ಹಿರಿಯ ರೈತರೊಬ್ಬರು ತಮ್ಮ ಕೆರೆ ತೋರಿಸಲು ಕರೆದೊಯ್ದರು. ಏರಿಯ ಮೇಲೆ ನಿಂತು ತೂಬು, ಕೋಡಿ, ಅಚ್ಚುಕಟ್ಟು ಎಲ್ಲ ಬೆರಳು ಮಾಡಿ ತೋರಿಸಿದಾಗ ನನಗೆ ದುಭಾಷಿ ಬೇಕಾಗಲಿಲ್ಲ. ನೀರು ಬಿಡುವ ಅಧಿಕಾರ ಇರುವವನೊಬ್ಬ ಇಲ್ಲೂ ಇದ್ದ, ನಮ್ಮ ನೀರಗಂಟಿಯ ಹಾಗೆ. ಒಂದರ ಕೋಡಿ ಇನ್ನೊಂದರ ಒಳಹರಿವು ಎಂಬ ಸರಪಳಿಯೂ ಕೋಲಾರದ ಕಡೆಯದೇ. ಆದರೆ ಅವರು ಮೇಲ್ದಂಡೆಗೆ ಕರೆದೊಯ್ದು ತೋರಿಸಿದ ಸಂಗತಿಗಳನ್ನು ನಾನು ಎಲ್ಲೂ ಇಷ್ಟು ಸ್ಪಷ್ಟವಾಗಿ ಕಂಡಿರಲಿಲ್ಲ. ಕೆರೆಯ ತಲೆಯ ಕಡೆ ಗಾಳಿ ತಡೆದು ನೀರು ಆರದಂತೆ ಕಾಯುವ ಮರಗಳ ಸಾಲು, ‘ಗಸ್ಗೊಮ್ಮನ’. ಹೊಳೆಮತ್ತಿಯನ್ನೂ ಹಿಪ್ಪೆಯನ್ನೂ ಅಲ್ಲಿ ಗುರುತು ಹಿಡಿದೆ. ಅದರ ಕೆಳಗೆ ಹೂಳು ಸೋಸುವ ಹುಲ್ಲಿನ ಪಟ್ಟಿ, ‘ಪೆರಹನ’. ಏರಿಯ ಹಿಂದೆ, ಗದ್ದೆಗೆ ಮೊದಲು, ನೀರಿನ ಉಪ್ಪಿನಂಶ ಹೀರುವ ಗಿಡಗಂಟಿಯ ತುಂಡು ಜಾಗ, ‘ಕಟ್ಟಕಡುವ’. ಇವೆಲ್ಲಕ್ಕಿಂತ ಮೇಲೆ, ಕಾಡಿನ ಅಂಚಿನಲ್ಲಿ, ಗದ್ದೆಗೆ ಒಂದು ಹನಿಯೂ ಹರಿಸದ ಇನ್ನೊಂದು ಕೆರೆ.

"ಅದು ಯಾವ ಬೆಳೆಗೆ?" ಎಂದು ಕೇಳಿದೆ.

"ಬೆಳೆಗಲ್ಲ, ಅದು ಕಾಡಿನವರಿಗೆ" ಎಂದರು ಅಜ್ಜ. "ಆನೆ, ಜಿಂಕೆ, ಕರಡಿ ಅಲ್ಲೇ ಕುಡಿದರೆ ಕೆಳಗೆ ಯಾಕೆ ಬರುತ್ತಾವೆ? ಹೂಳೂ ಅಲ್ಲೇ ಕೂರುತ್ತದೆ."

ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಈ ಕೆರೆ ಸರಪಳಿಯನ್ನು ಜಾಗತಿಕ ಮಹತ್ವದ ಕೃಷಿ ಪರಂಪರೆಗಳ ಪಟ್ಟಿಗೆ ಸೇರಿಸಿದೆ. ಅಜ್ಜನಿಗೆ ಆ ಸುದ್ದಿ ಗೊತ್ತಿತ್ತು. ಅದಕ್ಕಿಂತ ಈ ಸಲದ ಮಳೆ ಯಾವಾಗ ಹಿಡಿದೀತು ಎಂಬ ಚಿಂತೆ ದೊಡ್ಡದಿತ್ತು.

ಸಿಗಿರಿಯದ ಬಂಡೆಗೆ ಹೋಗುವ ಮೊದಲು ಚಾಲಕರು ಹಟ ಹಿಡಿದು ನಮ್ಮನ್ನು ಕಲಾವೆವದ ಏರಿಯ ಮೇಲೆ ನಿಲ್ಲಿಸಿದ್ದರು. ಐದನೇ ಶತಮಾನದಲ್ಲಿ ಧಾತುಸೇನ ಕಟ್ಟಿಸಿದ ಕೆರೆ. ಇಲ್ಲಿಂದ 87 ಕಿಲೋಮೀಟರ್ ಉದ್ದದ ಕಾಲುವೆ ಅನುರಾಧಪುರದ ತಿಸ್ಸವೆವಕ್ಕೆ ನೀರು ಒಯ್ಯುತ್ತದೆ. ಅದರ ಮೊದಲ ಹಂತದಲ್ಲಿ ಕಿಲೋಮೀಟರಿಗೆ ಸುಮಾರು 10 ಸೆಂಟಿಮೀಟರ್ ಮಾತ್ರ ಇಳಿಜಾರು! ಮಗ ಕಾಶ್ಯಪ ತಂದೆಯನ್ನು ಸೆರೆಹಿಡಿದು, ಬಚ್ಚಿಟ್ಟ ಸಂಪತ್ತು ಎಲ್ಲಿ ಎಂದು ಕಾಡಿದಾಗ ಧಾತುಸೇನ ತನ್ನನ್ನು ಈ ಕೆರೆಗೆ ಕರೆತರಿಸಿಕೊಂಡನಂತೆ. ನೀರಿಗಿಳಿದು ಮಿಂದು, ಬೊಗಸೆಯಲ್ಲಿ ನೀರೆತ್ತಿ, ನನ್ನಲ್ಲಿರುವ ಸಂಪತ್ತು ಇಷ್ಟೇ ಎಂದನೆಂದು ಅಲ್ಲಿಯ ಪುರಾತನ ವೃತ್ತಾಂತ ಹೇಳುತ್ತದೆ. ಅವನನ್ನು ಗೋಡೆಯೊಳಗೆ ಹೂತು ಕೊಂದರು. ಆಮೇಲೆ ತಮ್ಮ ಮೊಗ್ಗಲ್ಲಾನನಿಗೆ ಹೆದರಿ ಕಾಶ್ಯಪ ಕಟ್ಟಿಕೊಂಡ ಕೋಟೆಯೇ ಸಿಗಿರಿಯ. ಈ ಕತೆ ಕೇಳಿ ಬಂದವನಿಗೆ ಬಂಡೆಯ ಮೇಲಿನ ಅಪ್ಸರೆಯರ ಚಿತ್ರಕ್ಕಿಂತ ಬುಡದ ನೀರಿನ ತೋಟಗಳೇ ಹೆಚ್ಚು ಕಣ್ಣಿಗೆ ಬೀಳುತ್ತವೆ. ಅಲ್ಲಿಯ ಕಲ್ಲಿನ ಕಾರಂಜಿಗಳು ಮಳೆಗಾಲದಲ್ಲಿ ಈಗಲೂ ಚಿಮ್ಮುತ್ತವೆ. ತಂದೆಯನ್ನು ಕೊಂದವನೂ ತಂದೆಯ ನೀರಿನ ವಿದ್ಯೆಯನ್ನು ಬಿಡಲಿಲ್ಲ. ಬಂಡೆ ಹತ್ತುವ ದಾರಿಯಲ್ಲಿರುವ ಸಿಂಹದ ಪಂಜಗಳ ಬಳಿ ಹೆಜ್ಜೇನಿನ ಗೂಡುಗಳಿವೆ, ಸದ್ದು ಮಾಡಬೇಡಿ ಎಂಬ ಫಲಕವಿದೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಏದುಸಿರು ಬಿಡುವವರು ಉಸಿರನ್ನೂ ಪಿಸುಗುಟ್ಟುತ್ತ ಬಿಡಬೇಕು.

ಈಗ ಮಿನ್ನೇರಿಯ. ಇಳಿಹೊತ್ತಿನಲ್ಲಿ ಜೀಪು ಕಾಡು ದಾಟಿ ತಟ್ಟನೆ ಬಯಲಿಗೆ ಬರುತ್ತದೆ. ದೂರದಲ್ಲಿ ಬತ್ತಿ ಹಿಂದೆ ಸರಿದ ಕೆರೆಯ ನೀರು, ಈಚೆಗೆ ಕಣ್ಣು ಹಾಯುವವರೆಗೂ ಎಳೆ ಹಸಿರು ಹುಲ್ಲು, ಹುಲ್ಲಿನ ತುಂಬ ಆನೆ! ಬಲಗಡೆ ಒಂದು ಗುಂಪು, ಎದುರಿಗೆ ಇನ್ನೊಂದು, ನೀರಿನಂಚಿನಲ್ಲಿ ಮತ್ತೆರಡು. ಎಣಿಸಲು ತೊಡಗಿದ ನನ್ನಾಕೆ ಸ್ವಲ್ಪ ಹೊತ್ತಿಗೆ ಕೈಬಿಟ್ಟು ಸುಮ್ಮನೆ ನೋಡತೊಡಗಿದಳು. ಒಳ್ಳೆಯ ವರ್ಷಗಳಲ್ಲಿ ಆಗಸ್ಟ್, ಸೆಪ್ಟೆಂಬರಿಗೆ ಇಲ್ಲಿ ಇನ್ನೂರು, ಮುನ್ನೂರು ಆನೆ ನೆರೆಯುತ್ತವೆ. ಏಷ್ಯಾದ ಆನೆಗಳು ಒಂದೆಡೆ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಸೇರುವುದು ಬೇರೆಲ್ಲೂ ಕಾಣಸಿಗುವುದು ಕಷ್ಟ.

ಹತ್ತಿರದ ಹೆಣ್ಣಾನೆಯೊಂದು ಮೇಯುವುದನ್ನು ನೋಡುತ್ತೇನೆ. ಹುಲ್ಲು ಗಿಡ್ಡ, ಸೊಂಡಿಲಿಗೆ ಸುಲಭಕ್ಕೆ ಸಿಗದು. ಅದಕ್ಕೆ ಮುಂಗಾಲಿನ ಉಗುರಿನಿಂದ ನೆಲವನ್ನು ಕೆರೆದು ಹುಲ್ಲನ್ನು ಬುಡ ಸಮೇತ ಸಡಿಲಿಸುತ್ತದೆ. ಎರಡು ಮೂರು ಸಲ ಕೆರೆದ ಮೇಲೆ ಸೊಂಡಿಲಿನಿಂದ ಗುಡಿಸಿ ಒಂದು ಹಿಡಿ ಮಾಡುತ್ತದೆ. ಆ ಹಿಡಿಯನ್ನು ಎತ್ತಿ ತನ್ನ ಮೊಣಕಾಲಿಗೆ ಪಟಪಟನೆ ಬಡಿದು ಮಣ್ಣು ಉದುರಿಸಿ ಬಾಯಿಗಿಡುತ್ತದೆ. ಹೊಟ್ಟೆಯಡಿಯಲ್ಲಿದ್ದ ಮರಿ ಅದನ್ನೇ ಅನುಕರಿಸಿ ಮಣ್ಣನ್ನು ಮಾತ್ರ ಎತ್ತಿಕೊಂಡು ತಲೆಯ ಮೇಲೆ ಎರಚಿಕೊಳ್ಳುತ್ತದೆ. ಕಿವಿಯಂಚು, ಸೊಂಡಿಲ ಬುಡದಲ್ಲಿ ಬಣ್ಣ ಹಾರಿದ ಗುಲಾಬಿ ಮಚ್ಚೆಗಳು. ಗಂಡಾನೆ ಬಂದಾಗ ಕಣ್ಣು ದಂತ ಹುಡುಕುತ್ತದೆ, ದಂತವೇ ಇಲ್ಲ! ನಮ್ಮ ಕಡೆ ದಂತವಿಲ್ಲದ ಗಂಡು, ಮಖನಾ, ಕಂಡರೆ ಸುದ್ದಿ. ಇಲ್ಲಿ ದಂತ ಇರುವ ಗಂಡು ಕಂಡರೆ ಸುದ್ದಿ. ನೂರು ಗಂಡಿನಲ್ಲಿ ಹತ್ತಕ್ಕೂ ದಂತವಿರುವುದಿಲ್ಲ.

ಈ ಹುಲ್ಲು ಎಲ್ಲಿಂದ ಬಂತು ಎಂಬುದೇ ನನ್ನನ್ನು ಹಿಡಿದು ನಿಲ್ಲಿಸಿದ ಸಂಗತಿ. ಇದು ಕೆರೆಯ ಹಾಸು. ಮಹಾಸೇನ ಸಾವಿರದ ಏಳುನೂರು ವರ್ಷದ ಹಿಂದೆ ಕಟ್ಟಿಸಿದ ಕೆರೆ. ಬೇಸಗೆಯಲ್ಲಿ ರೈತರು ನೀರು ಬಳಸಿಕೊಂಡಂತೆ ಕೆರೆ ಕುಗ್ಗುತ್ತದೆ, ತೆರೆದ ಹಸಿ ಮಣ್ಣಿನಲ್ಲಿ ಹುಲ್ಲು ಚಿಗುರುತ್ತದೆ, ಸುತ್ತಲ ಕಾಡು ಒಣಗಿರುವ ಹೊತ್ತಿನಲ್ಲೇ ಆನೆಗಳಿಗೆ ಹಬ್ಬವಾಗುತ್ತದೆ. ನಮ್ಮ ಕಬಿನಿ ಹಿನ್ನೀರಿನಲ್ಲಿ ಏಪ್ರಿಲ್ ಹೊತ್ತಿಗೆ ನಡೆಯುವುದೂ ಇದೇ. ಅದು ಅರ್ಧ ಶತಮಾನದ ಕತೆ, ಇದು ಹದಿನೇಳು ಶತಮಾನದ್ದು. ಅನ್ನ ಬೆಳೆಯಲು ಅರಸ ಕಟ್ಟಿದ್ದು ಆನೆಯ ಹುಲ್ಲುಗಾವಲಾಗಿದೆ. ನೇಚರ್ ಟೂರಾ ಕಲ್ಚರ್ ಟೂರಾ ಎಂಬ ಪ್ರಶ್ನೆಗೆ ಚಾಲಕರು ಕೆರೆಯ ದಾರಿ ತೋರಿಸಿದ್ದು ಯಾಕೆಂದು ಈ ಬಯಲಿನಲ್ಲಿ ಅರ್ಥವಾಯಿತು. ಕೆರೆ ಕಟ್ಟಿದ ಮಹಾಸೇನ ಈಗಲೂ ‘ಮಿನ್ನೇರಿ ದೇವಿಯೋ’ ಎಂಬ ದೇವರಾಗಿ ಪೂಜೆಗೊಳ್ಳುತ್ತಾನೆ. ನಮ್ಮ ‘ಕೆರೆಗೆ ಹಾರ’ದಲ್ಲಿ ಕೆರೆಗೆ ಆಹುತಿಯಾದ ಸೊಸೆ ಭಾಗೀರಥಿ ನೆನಪಿನಲ್ಲಿ ಉಳಿದಳು, ಕಟ್ಟಿಸಿದ ಗೌಡನಲ್ಲ. ಇಲ್ಲಿ ಕಟ್ಟಿಸಿದವನೇ ದೇವರು.

ಆದರೆ ಹಬ್ಬಕ್ಕೆ ಈಗ ತೊಡಕಿದೆ. ಮೇಲಿನ ಮೊರಗಹಕಂದ ಜಲಾಶಯ 2018ರಲ್ಲಿ ಬಳಕೆಗೆ ಬಂದ ಮೇಲೆ ಅಲ್ಲಿಂದ ಬಿಡುವ ನೀರು ಬೇಸಗೆಯಲ್ಲೂ ಮಿನ್ನೇರಿಯವನ್ನು ತುಂಬಿಸಿದರೆ ಹುಲ್ಲು ಮುಳುಗುತ್ತದೆ. ಅಂಥ ವರ್ಷಗಳಲ್ಲಿ ಆನೆಗಳು ಹಸಿದು ಪಕ್ಕದ ಕೌಡುಲ್ಲಕ್ಕೋ ಗದ್ದೆಗಳಿಗೋ ಹೋಗುತ್ತವೆ. 2023ರಲ್ಲಿ ಈ ದೇಶ 400ಕ್ಕೂ ಹೆಚ್ಚು ಆನೆಗಳನ್ನು ಕಳೆದುಕೊಂಡಿತು; ಆನೆ ತುಳಿತಕ್ಕೆ ಸತ್ತ ಜನರೂ ನೂರಕ್ಕೆ ಮೇಲೆ. ಹಾಸನ, ಕೊಡಗಿನಿಂದ ಬಂದವರಿಗೆ ಈ ನೋವನ್ನು ಬಿಡಿಸಿ ಹೇಳಬೇಕಿಲ್ಲ. ಇಲ್ಲಿ ಕಂಡ ಒಂದು ಉಪಾಯ ಮಾತ್ರ ನಮ್ಮವರ ಗಮನಕ್ಕೆ ಬರಬೇಕು. ಆನೆ ವಿಜ್ಞಾನಿ ಪೃಥಿವಿರಾಜ್ ಫರ್ನಾಂಡೋ ಮತ್ತವರ ಸಂಗಡಿಗರು ಕಾಡಿಗೆ ಬೇಲಿ ಹಾಕುವ ಬದಲು ಗದ್ದೆಗೆ ಹಾಕಿಸುತ್ತಾರೆ. ಬೆಳೆ ಇರುವಷ್ಟು ದಿನ ರೈತರೇ ಸೇರಿ ಕರೆಂಟಿನ ಬೇಲಿ ಕಟ್ಟಿ ಕಾಯುತ್ತಾರೆ, ಕೊಯ್ಲಾದ ಮೇಲೆ ಬಿಚ್ಚುತ್ತಾರೆ. ಉಳಿದ ಕೂಳೆಯನ್ನು ಆನೆಗಳು ಬಂದು ತಿಂದು ಹೋಗುತ್ತವೆ.

ಪೊಲೊನ್ನರುವದಲ್ಲಿ ಬಿಸಿಲು ಇಳಿಯುವವರೆಗೂ ಅಲೆದೆವು. ಚೋಳರು ಅನುರಾಧಪುರ ಗೆದ್ದು ರಾಜಧಾನಿ ಮಾಡಿಕೊಂಡ ಊರು. ಅವರ ಕಲ್ಲಿನ ಶಿವಾಲಯ ಈಗಲೂ ಗಟ್ಟಿಯಾಗಿ ನಿಂತಿದೆ. ಅನುರಾಧಪುರದ ಮೆಟ್ಟಿಲ ಬುಡದ ಅರ್ಧಚಂದ್ರ ಶಿಲೆಗಳಲ್ಲಿ ಆನೆ, ಕುದುರೆ, ಸಿಂಹದ ಜೊತೆ ಎತ್ತೂ ಸಾಲಾಗಿ ನಡೆಯುತ್ತದೆ. ಇಲ್ಲಿಯ ಶಿಲೆಗಳಲ್ಲಿ ಎತ್ತು ಇಲ್ಲ. ಶಿವನ ನಂದಿಯ ಮೇಲೆ ಕಾಲಿಡಬಾರದೆಂದು ಬಿಟ್ಟಿರಬೇಕು ಎನ್ನುತ್ತಾರೆ. ಗಲ್ ವಿಹಾರದ ಮಲಗಿದ ಬುದ್ಧ 14 ಮೀಟರ್ ಉದ್ದ. ದೂರದಿಂದ ಅದರ ಗಾತ್ರ ಬೆರಗು ಹುಟ್ಟಿಸಿದರೆ ಹತ್ತಿರದಲ್ಲಿ ದಿಂಬು ಬೆರಗು ಹುಟ್ಟಿಸುತ್ತದೆ. ತಲೆಯ ಭಾರಕ್ಕೆ ಕಲ್ಲಿನ ದಿಂಬು ಒಂದಿಷ್ಟು ತಗ್ಗಿದೆ! ಎರಡು ಪಾದಗಳು ಸಮವಾಗಿ ಕೂಡಿಲ್ಲ, ಮೇಲಿನದು ತುಸು ಹಿಂದೆ ಸರಿದಿದೆ. ಅದು ನಿದ್ರೆಯಲ್ಲ, ಪರಿನಿರ್ವಾಣ ಎಂಬುದಕ್ಕೆ ಅದೇ ಗುರುತು. ಬೇಲೂರಿನಲ್ಲಿ ಮೆದು ಕಲ್ಲಿನ ಕುಸುರಿ ನೋಡಿ ಬೆಳೆದ ಕಣ್ಣಿಗೆ, ಗಟ್ಟಿ ಬಂಡೆಯಲ್ಲಿ ಒಂದು ದಿಂಬಿನ ತಗ್ಗಿನಲ್ಲೇ ಎಲ್ಲ ಹೇಳಿದ ಈ ಶಿಲ್ಪಿಯ ಸಂಯಮ ಹೊಸದಾಗಿ ಕಂಡಿತು.

ಕ್ಯಾಂಡಿಯಲ್ಲಿ ಬುದ್ಧನ ದಂತಮಂದಿರದ ಜನಜಂಗುಳಿಯಲ್ಲಿ ತಳ್ಳಿಸಿಕೊಂಡು ದರ್ಶನ ಮಾಡಿ, ಪೆರಾದೆನಿಯ ಸಸ್ಯೋದ್ಯಾನದ ನೆರಳಿಗೆ ಓಡಿದೆವು. ಅಲ್ಲಿ ನಾಗಲಿಂಗದ ಮರಗಳ ಸಾಲು ಹೂ ಬಿಟ್ಟಿತ್ತು. ದಕ್ಷಿಣ ಅಮೆರಿಕದಿಂದ ಬಂದ ಮರ ಇದು. ಆ ಹೂವಿನಲ್ಲಿ ನಾವು ಹೆಡೆಯಡಿಯ ಲಿಂಗವನ್ನು ಕಂಡು ಶಿವನಿಗೇರಿಸುತ್ತೇವೆ. ಇಲ್ಲಿಯವರು ಅದನ್ನು ಸಾಲವೃಕ್ಷವೆಂದು ಕರೆದು, ಬುದ್ಧ ಹುಟ್ಟಿದ ಮತ್ತು ಅಳಿದ ಮರದ ಗೌರವ ಕೊಟ್ಟು ವಿಹಾರಗಳಲ್ಲಿ ಬೆಳೆಸುತ್ತಾರೆ.

ಕ್ಯಾಂಡಿಯಿಂದ ‘ನಾನುಓಯ’ ಎಂಬ ಊರಿಗೆ ರೈಲು. ಕಾದಿರಿಸಿದ ಸೀಟು ಸಿಗದೆ ಬಾಗಿಲ ಬಳಿ ನಿಂತೇ ಹೊರಟೆವು. ಕಡಲೆಕಾಯಿ ಮಾರುವವನು ಕೊಟ್ಟ ಪೊಟ್ಟಣ ಯಾವುದೋ ಮಗುವಿನ ಗಣಿತದ ನೋಟುಬುಕ್ಕಿನ ಹಾಳೆ. ಭಾಗಾಕಾರಕ್ಕೆ ಟೀಚರು ಕೆಂಪು ಶಾಯಿಯಲ್ಲಿ ಸರಿ ಗುರುತು ಹಾಕಿದ್ದರು. ಕಾಯಿ ಮುಗಿದ ಮೇಲೂ ಹಾಳೆ ಎಸೆಯಲು ಮನಸ್ಸಾಗಲಿಲ್ಲ. ರೈಲು ಏರುತ್ತಿದ್ದಂತೆ ಗುಡ್ಡಗಳೆಲ್ಲ ಚಹಾ. ಒಂದು ಕಾಲಕ್ಕೆ ಇಲ್ಲೆಲ್ಲ ಕಾಫಿ ಇತ್ತು. 1869ರಲ್ಲಿ ಕಾಣಿಸಿಕೊಂಡ ಎಲೆಯ ತುಕ್ಕು ರೋಗ ತೋಟಗಳನ್ನು ಮುಗಿಸಿತು. ಅದೇ ರೋಗ ಚಿಕ್ಕಮಗಳೂರು, ಕೊಡಗಿಗೂ ಬಂತು. ಮರದ ನೆರಳಿನಲ್ಲಿ ನಮ್ಮ ಕಾಫಿ ಹೇಗೋ ತಾಳಿಕೊಂಡಿತು. ಇಲ್ಲಿ ಜೇಮ್ಸ್ ಟೇಲರ್ 1867ರಲ್ಲಿ ಲೂಲೆಕಂದುರದಲ್ಲಿ ನೆಟ್ಟಿದ್ದ ಚಹಾವೇ ದೇಶದ ಗತಿಯಾಯಿತು. ರೈಲಿನಲ್ಲಿ ಪಕ್ಕಕ್ಕಿದ್ದ ತೋಟದ ಕೆಲಸದ ಮಹಿಳೆ ನನ್ನ ಬೆಂಗಳೂರು ತಮಿಳು ಕೇಳಿ ಸರಿದು ಜಾಗ ಮಾಡಿಕೊಟ್ಟರು. ಅವರ ಮುತ್ತಜ್ಜಿಯ ಕಾಲಕ್ಕೆ ತಮಿಳುನಾಡಿನಿಂದ ಬಂದವರು. 1948ರ ಕಾನೂನು ಇವರಂಥ ಲಕ್ಷಾಂತರ ಜನರನ್ನು ಯಾವ ದೇಶದ ಪ್ರಜೆಗಳೂ ಅಲ್ಲದಂತೆ ಮಾಡಿತ್ತು, ಆ ಗಂಟು ಪೂರ್ತಿ ಬಿಚ್ಚಲು 2003ರ ಕಾನೂನಿನವರೆಗೆ ಕಾಯಬೇಕಾಯಿತು. "ಎಲೆ ಕೀಳುವ ಕೈಗೆ ಹುದ್ದೆ ಏರುವುದಿಲ್ಲಪ್ಪಾ" ಎಂದರು. ಮಗಳು ಕೊಲಂಬೊದಲ್ಲಿ ಓದುತ್ತಿದ್ದಾಳೆ ಎನ್ನುವಾಗ ಮಾತ್ರ ಅವರ ದನಿ ಏರಿತು.

ಹಾರ್ಟನ್ ಬಯಲಿನ ಬಾಗಿಲಲ್ಲಿ ಚೀಲಗಳ ತಪಾಸಣೆ. ಸಿಬ್ಬಂದಿ ನಮ್ಮ ನೀರಿನ ಬಾಟಲಿಯ ಲೇಬಲನ್ನು ಚೊಕ್ಕಟವಾಗಿ ಹರಿದು ತೆಗೆದರು. ಬಿಸ್ಕತ್ತಿನ ಹೊದಿಕೆ ಬಿಚ್ಚಿ ಬಿಸ್ಕತ್ತುಗಳನ್ನು ಕಾಗದದಲ್ಲಿ ಕಟ್ಟಿಕೊಟ್ಟರು. ಬೆಳಗಿನ ಚಳಿಯಲ್ಲಿ ಸರತಿ ನಿಂತವರಿಗೆ ಕಿರಿಕಿರಿ, ಒಳಗೆ ಹೋದರೆ ಒಂದು ಚೂರು ಪ್ಲಾಸ್ಟಿಕ್ಕು ಇಲ್ಲ! ನಮ್ಮ ಮುಳ್ಳಯ್ಯನಗಿರಿಗೆ ಈ ಶಿಸ್ತು ಬಂದರೆ ಎಷ್ಟು ಚೆನ್ನ. ಮಂಜಿನ ಹುಲ್ಲುಗಾವಲು, ಕಣಿವೆಗಳಲ್ಲಿ ಮಾತ್ರ ಒತ್ತಿಕೊಂಡ ಕುಳ್ಳ ಮರಗಳು. ಕುದುರೆಮುಖವೇ ಅಂದುಕೊಳ್ಳುವಷ್ಟರಲ್ಲಿ ಪಾಚಿ ಹಿಡಿದ ಕೊಂಬೆಯ ಮೇಲೆ ಮೂಗಿನಲ್ಲಿ ಕೊಂಬಿರುವ ಓತಿಯೊಂದು ಕಂಡಿತು. ಬೆರಳುದ್ದದ ಮೈ, ಮೂತಿಯ ತುದಿಯಲ್ಲಿ ನೆಟ್ಟಗೆ ನಿಂತ ಬಿಳಿಚಿದ ಮುಳ್ಳು. ಶ್ರೀಲಂಕಾ ಬಿಟ್ಟರೆ ಭೂಮಿಯ ಮೇಲೆ ಎಲ್ಲೂ ಇಲ್ಲದ ಜೀವಿ. ‘ಲೋಕಾಂತ್ಯ’ ಎಂದು ಕರೆಯುವ, ಎಂಟುನೂರು ಮೀಟರಿಗೂ ಹೆಚ್ಚು ಆಳಕ್ಕೆ ಕಡಿದು ಬೀಳುವ ಪ್ರಪಾತದ ಅಂಚಿಗೆ ಬಂದಾಗ ಮಂಜು ತುಂಬಿ ಏನೂ ಕಾಣಲಿಲ್ಲ. ಓತಿಯನ್ನು ಕಂಡ ಖುಷಿಯಲ್ಲಿ ಅದು ದೊಡ್ಡ ನಷ್ಟವಾಗಿ ತೋರಲೇ ಇಲ್ಲ.

ಕೊನೆಗೆ ಸಿಂಹರಾಜ ಮಳೆಕಾಡು. ಇಲ್ಲಿ ಮಳೆ ಬಿಡುವುದೇ ಅಪರೂಪ. ಕಾಲಿಗೆ ಬಟ್ಟೆಯ ಗೌಸು, ಅದರ ಮೇಲೆ ಸಾಬೂನು ಉಜ್ಜಿ ಹೊರಟರೂ ಇಂಬಳಗಳು ದಾರಿ ಹುಡುಕಿಕೊಂಡವು. ಮಲೆನಾಡಿನಲ್ಲಿ ಬೆಳೆದ ನನಗೆ ಸುಣ್ಣ, ಹೊಗೆಸೊಪ್ಪಿನ ಮೇಲೆಯೇ ನಂಬಿಕೆ. ಪ್ಲೈವುಡ್ಡಿಗಾಗಿ ಈ ಕಾಡನ್ನು ಯಂತ್ರ ಹಚ್ಚಿ ಕಡಿಯತೊಡಗಿದ್ದನ್ನು ಜನ ಎದ್ದು 1977ರಲ್ಲಿ ನಿಲ್ಲಿಸಿದರು. 1988ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬಹಳ ಹೊತ್ತು ಒಂದು ಹಕ್ಕಿಯೂ ಕಾಣದೆ ನಡೆಯುತ್ತೇವೆ. ಇದ್ದಕ್ಕಿದ್ದಂತೆ ಮಾರ್ಗದರ್ಶಿ ಕೈ ಎತ್ತುತ್ತಾನೆ. ಕಿತ್ತಳೆ ಕೊಕ್ಕಿನ ಹರಟೆಮಲ್ಲಗಳ ಗದ್ದಲ, ಅವುಗಳ ನೆತ್ತಿಯ ಮೇಲೆ ಜುಟ್ಟಿನ ಕಾಜಾಣ. ಇವೆರಡರ ಮುಂದಾಳತ್ವದಲ್ಲಿ ಕಾಡಿನ ಹಕ್ಕಿಗಳೆಲ್ಲ ಒಟ್ಟಾಗಿ ಬೇಟೆಗೆ ಹೊರಟಿವೆ! ಕೆಂಪು ಮೋರೆಯ ಮಲ್ಕೋಹ, ನೀಲಿ ಮೈಯ ಮ್ಯಾಗ್‌ಪೈ, ಹೆಸರು ಕೇಳುವಷ್ಟರಲ್ಲಿ ಹಾರಿಹೋಗುವ ಹತ್ತಾರು ಬಗೆ. ಹರಟೆಮಲ್ಲಗಳು ಎಲೆ ಕೆದಕಿ ಎಬ್ಬಿಸಿದ ಹುಳುವನ್ನು ಕಾಜಾಣ ಗಾಳಿಯಲ್ಲೇ ಹಿಡಿಯುತ್ತದೆ, ಗಿಡುಗ ಬಂದರೆ ಎಚ್ಚರಿಸುವುದೂ ಅದೇ. ಕೆಲವೇ ನಿಮಿಷಕ್ಕೆ ಇಡೀ ಮೆರವಣಿಗೆ ದಾಟಿ ಕಾಡು ಮತ್ತೆ ಖಾಲಿ.

ರಾತ್ರಿ ಟಾರ್ಚು ಹಿಡಿದು ಮಾರ್ಗದರ್ಶಿಯೇ ಪೊದೆಕಪ್ಪೆ ತೋರಿಸಿದ. ಉಗುರಿನಷ್ಟು ಗಾತ್ರ. ಇದಕ್ಕೆ ಗೊದಮೊಟ್ಟೆಯ ಅವಸ್ಥೆಯೇ ಇಲ್ಲ, ಮೊಟ್ಟೆಯೊಡೆದು ನೇರ ಮರಿಗಪ್ಪೆಯೇ ಹೊರಬರುತ್ತದೆ. ಇದರ ಬಳಗದ ಎಪ್ಪತ್ತಕ್ಕೂ ಹೆಚ್ಚು ಜಾತಿಗಳನ್ನು ಈ ದ್ವೀಪದಲ್ಲಿ ಗುರುತಿಸಿದ್ದಾರೆ. ಹತ್ತಿರದ ದಾಯಾದಿಗಳು ನಮ್ಮ ಪಶ್ಚಿಮ ಘಟ್ಟದಲ್ಲಿ ಇದೇ ವಿದ್ಯೆ ನಡೆಸಿಕೊಂಡು ಬಂದಿವೆ. ವಿಜ್ಞಾನಿಗಳು ಘಟ್ಟವನ್ನೂ ಈ ದ್ವೀಪವನ್ನೂ ಒಂದೇ ಜೀವವೈವಿಧ್ಯ ತಾಣವೆಂದು ಎಣಿಸುತ್ತಾರೆ.

ನಾವು ಉಳಿದುಕೊಂಡಿದ್ದ ಮನೆಯ ಒಡತಿ ಕಾದಿದ್ದರು. ಹಾಲಿಲ್ಲದ ಚಹಾ, ಅಂಗೈಯಲ್ಲಿ ಒಂದು ಚೂರು ಕಪ್ಪು ಬೆಲ್ಲ. ಬೆಲ್ಲ ಕಚ್ಚಿ ಚಹಾ ಗುಟುಕರಿಸಬೇಕು. ಹೊಗೆಯ ವಾಸನೆಯ, ಕಬ್ಬಿನ ಬೆಲ್ಲಕ್ಕಿಲ್ಲದ ಆಳದ ರುಚಿ. ಯಾವ ಮರದ್ದು ಎಂದರೆ ಹಿತ್ತಿಲು ತೋರಿಸಿದರು. ಬೈನೆ ಮರ! ಅದರ ಹೂಗೊಂಚಲಿನ ತುದಿಯನ್ನು ಬೆಳಿಗ್ಗೆ ಸಂಜೆ ಕೊಯ್ದು ರಸ ಇಳಿಸುತ್ತಾರೆ, ಹುಳಿಯಾಗದಂತೆ ಮಡಕೆಗೆ ‘ಹಲ್’ ಮರದ ತೊಗಟೆ ಹಾಕುತ್ತಾರೆ, ಕುದಿಸಿ ತೆಂಗಿನ ಚಿಪ್ಪಿನಲ್ಲಿ ಎರೆಯುತ್ತಾರೆ. ಆ ಹಲ್ ನಮ್ಮ ಸಾಲುಧೂಪದ ಹತ್ತಿರದ ನೆಂಟ. ಮರವೂ ನಮ್ಮಲ್ಲಿದೆ, ತೊಗಟೆಯೂ ನಮ್ಮಲ್ಲಿದೆ. ನಮ್ಮ ಕಡೆ ಬೈನೆಯಿಂದ ಕಳ್ಳು ಇಳಿಸುತ್ತಿದ್ದರು, ಸೊಪ್ಪನ್ನು ಸಾಕಾನೆಗೆ ಹಾಕುತ್ತಾರೆ, ಬೆಲ್ಲ ಮಾಡಿದ್ದನ್ನು ನಾನು ಕಂಡಿಲ್ಲ ಎಂದಾಗ ಆಕೆ ನಂಬಲೇ ಇಲ್ಲ. "ಮರ ಇಟ್ಟುಕೊಂಡು ಬೆಲ್ಲ ಕೊಳ್ಳುತ್ತೀರಾ?" ಎಂದು ಗಂಡನನ್ನೂ ಕರೆದು ಹೇಳಿದರು.

ಅಲ್ಲಿಂದಲೇ ಊರಿಗೆ ಫೋನು ಮಾಡಿ ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ಬೈನೆ ಮರ ಎಷ್ಟಿವೆ ಎಂದು ಚಿಕ್ಕಪ್ಪನನ್ನು ಕೇಳಿದೆ.

"ನಾಲ್ಕೈದು ಇರಬೇಕು ಮಾರಾಯ. ಅಷ್ಟು ದೂರ ಹೋಗಿ ಕೂತ್ಕೊಂಡು ಅದರ ಲೆಕ್ಕ ಯಾಕೋ ನಿಂಗೆ?"

ನಾನು ಹೇಳತೊಡಗಿದೆ. ಫೋನಿನ ಸ್ಪೀಕರ್ ಹಾಕಿಸಿಕೊಂಡ ಮನೆಯೊಡತಿ, ಗೊಂಚಲು ಯಾವ ಎಳಸಿನಲ್ಲಿ ಕೊಯ್ಯಬೇಕು ಎಂಬಲ್ಲಿಂದ ಶುರು ಮಾಡಿದರು. ಮಾರ್ಗದರ್ಶಿ ಅದನ್ನು ಇಂಗ್ಲಿಷಿಗೆ ತಿರುಗಿಸುತ್ತಿದ್ದ, ನಾನು ಕನ್ನಡಕ್ಕೆ.